ಕಪ್ಪೆಯ ಪರ ಮಾತಾಡುವವರು

ಅಕ್ಕನಿಗೆ ಹಕ್ಕಿ, ತಮ್ಮನಿಗೆ ಕಪ್ಪೆ. ಯಾರೋ ಕೂರಿಸಿಕೊಂಡು ಪಾಲು ಮಾಡಿಕೊಟ್ಟ ಹಾಗೆ ಆ ಮನೆಯಲ್ಲಿ ಎರಡು ಪ್ರಾಣಿಗಳು ಹಂಚಿಹೋಗಿದ್ದವು. ಇಬ್ಬರದೂ ವನ್ಯಜೀವಿ ಕಾಯುವ ಒಂದೇ ಇಲಾಖೆ, ಒಂದೇ ಬಣ್ಣದ ಅಂಗಿ, ಒಂದೇ ಬಸ್ಸು. ಬಸ್ಸು ಓಡಿಸುತ್ತಿದ್ದವನು ಅಕ್ಕನ ಗಂಡ. ದಿನಾ ಬೆಳಗ್ಗೆ ಕಡಲ ದಂಡೆಯ ಕೊನೆಯ ನಿಲ್ದಾಣದಲ್ಲಿ ಬ್ರೇಕು ಒತ್ತಿ, "ಇಳೀರಪ್ಪಾ ಇಳೀರಿ, ಹಕ್ಕಿ ಪಾರ್ಟಿಯವರು ಎಡಕ್ಕೆ, ಕಪ್ಪೆ ಪಾರ್ಟಿಯವರು ಬಲಕ್ಕೆ. ನಾನು ಬಡಪಾಯಿ ಪಕ್ಷೇತರ" ಎಂದು ಅದೇ ಜೋಕು ಹೊಡೆದು, ದಿನಾ ತಾನೊಬ್ಬನೇ ನಗುತ್ತಿದ್ದ. ಅಕ್ಕ "ಮುಂದೆ ನೋಡಿ ಓಡಿಸಿ" ಎಂದು ಗದರಿಸಿ ಇಳಿಯುತ್ತಿದ್ದಳು. ತಮ್ಮ ಏನೂ ಹೇಳದೆ ಇಳಿಯುತ್ತಿದ್ದ. ಅವನು ಏನೂ ಹೇಳದೆ ಇರುವುದು ಯಾರಿಗೂ ಹೊಸದಾಗಿರಲಿಲ್ಲ.

ಎಡಕ್ಕೆ ಹೋದರೆ ಮರಳ ದಿಬ್ಬ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಉದ್ದಕ್ಕೆ ಮಲಗಿದ ಮರಳು. ಅಲ್ಲಿ ಮರಳುಹಕ್ಕಿಗಳು ಗೂಡು ಮಾಡುತ್ತಿದ್ದವು. ಗೂಡು ಎಂದರೆ ಗೂಡೇನಲ್ಲ, ಮರಳಿನಲ್ಲಿ ಒಂದು ಅಂಗೈಯಷ್ಟು ಗುಳಿ. ಅದರಲ್ಲಿ ಮರಳಿನದೇ ಬಣ್ಣದ ಮೊಟ್ಟೆಗಳು. ಮೂರಡಿ ದೂರದಲ್ಲಿ ನಿಂತರೂ ಕಾಣುವುದಿಲ್ಲ, ಆದ್ದರಿಂದಲೇ ವಾಕಿಂಗ್ ಬರುವವರ ಕಾಲಿಗೆ ಸಿಕ್ಕಿ ಹೋಗುತ್ತವೆ. ಗೂಡಿನ ಸುತ್ತ ಕಂಬ ನೆಟ್ಟು ಹಗ್ಗ ಕಟ್ಟುವುದು, ನಾಯಿಗಳನ್ನು ಓಡಿಸುವುದು, ನಾಯಿಗಳ ಒಡೆಯರ ಹತ್ತಿರ ಜಗಳಕ್ಕೆ ನಿಲ್ಲುವುದು ಅಕ್ಕನ ಕೆಲಸ. ಮೂರನೆಯದರಲ್ಲಿ ಅವಳನ್ನು ಮೀರಿಸುವವರು ಇಡೀ ಇಲಾಖೆಯಲ್ಲಿ ಇರಲಿಲ್ಲ.

ಬಲಕ್ಕೆ ಹೋದರೆ ಹಳೆಯ ಪಂಪ್‌ಹೌಸು. ಅದರ ನೆಲಮಾಳಿಗೆಯಲ್ಲಿ, ಗಾಜಿನ ತೊಟ್ಟಿಗಳ ನಡುವೆ, ತಮ್ಮ ವರ್ಷಾನುಗಟ್ಟಲೆ ನೆಲಗಪ್ಪೆಗಳನ್ನು ಸಾಕಿದ್ದ. ಮೈತುಂಬ ಗುಳ್ಳೆ, ಬೆನ್ನ ಮೇಲೊಂದು ಹಳದಿ ಗೆರೆ, ಕುಪ್ಪಳಿಸಲೂ ಬಾರದೆ ಮುದುಕರ ಹಾಗೆ ತೆವಳುವ ಕಪ್ಪೆಗಳು. ಹಿಂದೊಮ್ಮೆ ಹಿನ್ನೀರಿನ ಹಿಂಬದಿಯ ಹೊಂಡಗಳಲ್ಲಿ ಇವುಗಳ ಕೂಗಿಗೆ ಜನ ಕಿಟಕಿ ಮುಚ್ಚಿಕೊಳ್ಳುತ್ತಿದ್ದರಂತೆ. ಆಮೇಲೆ ಹೊಂಡಗಳು ಒಂದೊಂದಾಗಿ ಮುಚ್ಚಿಹೋದವು, ಕೂಗೂ ನಿಂತಿತು. ಬೇರೆ ಎಲ್ಲಾದರೂ ಇವೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ತಮ್ಮನ ತೊಟ್ಟಿಗಳಲ್ಲಿ ಇದ್ದವು ಮಾತ್ರ.

ಊಟಕ್ಕೆ ಕೂತರೆ ಇದೇ ಚರ್ಚೆ.

"ಬಸ್‌ಸ್ಟಾಪಲ್ಲಿ ಯಾರ ಪೋಸ್ಟರ್ ಇದೆ ಹೇಳೋ? ನನ್ನ ಹಕ್ಕೀದು. ನಿನ್ನ ಕಪ್ಪೆ ಫೋಟೋ ಹಾಕಿದ್ರೆ ಜನ ನಡ್ಕೊಂಡೇ ಹೋಗ್ತಾರೆ, ಇವರ ಬಸ್ಸು ಖಾಲಿ ಓಡುತ್ತೆ" ಎಂದು ಅಕ್ಕ ಕಾಲೆಳೆಯುತ್ತಿದ್ದಳು.

"ಖಾಲಿ ಓಡ್ಲಿ ಬಿಡೇ, ನಂಗೆ ಆರಾಮ" ಎನ್ನುತ್ತಿದ್ದ ಅವಳ ಗಂಡ.

"ಕಪ್ಪೆ ಚಿತ್ರ ಇರೋ ಟೀಷರ್ಟು ಯಾರು ಹಾಕ್ಕೋತಾರೆ ಭಾವ, ನೀವೇ ಹೇಳಿ ಅಂತ ಕೇಳ್ತಿದಾನೆ ನೋಡಿ ಇವನು" ಎಂದು ತಮ್ಮ ಕೇಳದೆ ಇದ್ದ ಪ್ರಶ್ನೆಯನ್ನೂ ಅಕ್ಕನೇ ಕೇಳುತ್ತಿದ್ದಳು.

ತಮ್ಮ ಅನ್ನದ ತಟ್ಟೆಯಿಂದ ತಲೆಯೆತ್ತಿ, "ನಾನು ಹಾಕ್ಕೋತೀನಿ" ಎಂದಷ್ಟೇ ಹೇಳಿ ಮತ್ತೆ ತಲೆ ತಗ್ಗಿಸುತ್ತಿದ್ದ.

ಅವನ ಪರವಾಗಿ ಮಾತಾಡುವುದು ಅಕ್ಕನಿಗೆ ಉಸಿರಾಟದ ಹಾಗೆ ಅಭ್ಯಾಸವಾಗಿಬಿಟ್ಟಿತ್ತು. ಅವನಿನ್ನೂ ಸರಿಯಾಗಿ ಚಡ್ಡಿ ಹಾಕಿಕೊಳ್ಳಲು ಕಲಿಯುವ ಮೊದಲೇ ಅಮ್ಮ ಕೆಲಸವಿದೆಯೆಂದು ಬೇರೆ ಊರಿಗೆ ಹೋದವಳು ಅಲ್ಲೇ ಇನ್ನೊಂದು ಸಂಸಾರ ಕಟ್ಟಿಕೊಂಡಳು. ಅಪ್ಪ ಅದಕ್ಕೂ ಮುಂಚೆಯೇ ತೀರಿಹೋಗಿದ್ದ. ಓದು ಬಿಟ್ಟ ಅಕ್ಕ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ, ತಮ್ಮನನ್ನು ಬಟ್ಟೆ ಗಂಟುಗಳ ಮೇಲೆ ಮಲಗಿಸಿ ಬೆಳೆಸಿದಳು. ಅವನಿಗೆ ಮಾತು ತಡವಾಗಿ ಬಂತು, ಬಂದದ್ದೂ ತಡವರಿಸಿಕೊಂಡೇ ಬಂತು. ಅಂಗಡಿಯವನು "ಏನು ಬೇಕಪ್ಪಾ?" ಎಂದರೆ ಅಕ್ಕ ಹೇಳುತ್ತಿದ್ದಳು. ಡಾಕ್ಟರು "ಎಲ್ಲಿ ನೋವು?" ಎಂದರೂ ಅಕ್ಕನೇ. ಇಲಾಖೆಯ ಸಂದರ್ಶನದಲ್ಲಿ ಸಾಹೇಬರು "ಈಜು ಬರುತ್ತಾ?" ಎಂದು ಕೇಳಿದಾಗ, ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕ ಬಾಗಿಲಲ್ಲಿ ತಲೆ ಹಾಕಿ "ಮೀನಿನ ಹಾಗೆ ಈಜ್ತಾನೆ ಸಾರ್" ಎಂದಿದ್ದಳಂತೆ. ಅವನು ಮದುವೆಯಾಗದೆ ಉಳಿದದ್ದಕ್ಕೆ ಭಾವ ಒಂದು ಕಾರಣ ಕೊಡುತ್ತಿದ್ದ, ಹುಡುಗಿಯನ್ನು ಕೇಳುವ ಆ ಒಂದು ಮಾತನ್ನು ಮಾತ್ರ ಅಕ್ಕನಿಗೆ ಅವನ ಪರವಾಗಿ ಆಡಲು ಬರುವುದಿಲ್ಲವಲ್ಲ ಎಂದು.

ಅಮ್ಮನ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಅಕ್ಕನ ಮುಖ ಗಂಟಿಕ್ಕಿಕೊಳ್ಳುತ್ತಿತ್ತು.

ಆ ವರ್ಷ ಇಲಾಖೆಯವರು ಪಂಪ್‌ಹೌಸಿನ ತೊಟ್ಟಿಗಳನ್ನು ಮುಚ್ಚಿದರು. ಎಷ್ಟು ದಿನ ಅಂತ ಗಾಜಿನೊಳಗೆ ಸಾಕುವುದು, ಇನ್ನು ಹೊರಗೆ ಬದುಕಲಿ ಎಂದು ತೀರ್ಮಾನವಾಯಿತು. ಹಿನ್ನೀರಿನ ಹಿಂಬದಿಯಲ್ಲಿ ಹಳೆಯ ಹೊಂಡಗಳನ್ನು ಮತ್ತೆ ತೋಡಿ, ತಮ್ಮ ತನ್ನ ಕಪ್ಪೆಗಳನ್ನೆಲ್ಲ ಒಂದೊಂದಾಗಿ ಅಂಗೈ ಮೇಲಿಟ್ಟುಕೊಂಡು ಹೋಗಿ ಅಲ್ಲಿ ಬಿಟ್ಟ. ಮಗಳನ್ನು ಅತ್ತೆಮನೆಗೆ ಕಳಿಸಿದವನ ಹಾಗೆ ಆಮೇಲೆ ದಿನವೂ ಹೊಂಡದ ಸುತ್ತಲೇ ಸುಳಿದಾಡುತ್ತಿದ್ದ.

ಒಂದು ಬೆಳಗ್ಗೆ ಅವನು ಮರಳ ದಿಬ್ಬದ ಮೇಲೆ ಓಡೋಡಿ ಬಂದ. "ಏನಾಯ್ತೋ?" ಎಂದು ಅಕ್ಕ ಕೇಳಿದಳು. ಅವಳ ಕೈ ಹಿಡಿದು ಎಳೆದುಕೊಂಡೇ ಹೋದ. ಹೊಂಡದ ಆಳವಿಲ್ಲದ ನೀರಿನಲ್ಲಿ, ಹುಲ್ಲಿನ ದಂಟುಗಳಿಗೆ ಸುತ್ತಿಕೊಂಡು, ದಾರಕ್ಕೆ ಪೋಣಿಸಿದ ಕರೀ ಮಣಿಗಳ ಹಾಗೆ ಮೊಟ್ಟೆಗಳ ಸರ. ಒಂದಲ್ಲ, ಎತ್ತ ನೋಡಿದರೂ ಸರಗಳು.

"ತಾವಾಗೇ" ಎಂದ ತಮ್ಮ. "ನಾನೇನೂ ಮಾಡಿಲ್ಲ ಅಕ್ಕ, ತಾವಾಗೇ" ಎಂದು ಇನ್ನೊಮ್ಮೆ ಹೇಳಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಅಕ್ಕ ಅವನ ಬೆನ್ನಿಗೊಂದು ಗುದ್ದು ಕೊಟ್ಟು, "ಅಜ್ಜ ಆಗಿಬಿಟ್ಟೆಯಲ್ಲೋ" ಎಂದು ನಕ್ಕಳು. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಇದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದೆ ನಡೆದದ್ದನ್ನು ಕೇಳಿದವರು ಅವಳಿಗೆ ಹೊಟ್ಟೆಕಿಚ್ಚು ಅಂದುಕೊಂಡಾರು. ಹೊಟ್ಟೆಕಿಚ್ಚು ಅವಳ ಸ್ವಭಾವದಲ್ಲೇ ಇರಲಿಲ್ಲ.

ಆ ವಾರ ಮಳೆ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ.

ಹಿನ್ನೀರಿಗೂ ಕಡಲಿಗೂ ನಡುವೆ ಒಂದು ಕಬ್ಬಿಣದ ಗೇಟಿತ್ತು. ಗೇಟು ಮುಚ್ಚಿದ್ದರೆ ಮಳೆನೀರು ಹಿನ್ನೀರಿನಲ್ಲೇ ನಿಲ್ಲುತ್ತದೆ, ಅದರ ಹಿಂದಿನ ಕಪ್ಪೆ ಹೊಂಡಗಳು ತುಂಬಿರುತ್ತವೆ. ಆದರೆ ಹಿನ್ನೀರು ಏರಿದರೆ ಮರಳ ದಿಬ್ಬದ ಅಂಚು ಮುಳುಗುತ್ತದೆ. ಗೇಟು ತೆಗೆದರೆ ದಿಬ್ಬ ಉಳಿಯುತ್ತದೆ, ಆದರೆ ಹೊಂಡಗಳ ನೀರೂ ಹಿನ್ನೀರಿನ ಜೊತೆಗೆ ಇಳಿದು ಕಡಲು ಸೇರುತ್ತದೆ. ಕಡಲ ಬದಿಯಲ್ಲಿ ಜನರ ಓಡಾಟ ಜಾಸ್ತಿಯೆಂದು ಆ ವರ್ಷ ಬಂದ ಒಂದೇ ಒಂದು ಜೋಡಿ ಹಕ್ಕಿ ಹಿನ್ನೀರಿನ ಅಂಚಿನಲ್ಲೇ ಮೊಟ್ಟೆಯಿಟ್ಟಿತ್ತು. ಹಿಂದಿನ ವರ್ಷ ಐದು ಜೋಡಿ ಬಂದಿದ್ದವು. ಈ ಜೋಡಿಯೂ ಸೋತು ಹೋದರೆ ಮುಂದಿನ ವರ್ಷ ಬಸ್‌ಸ್ಟಾಪಿನ ಪೋಸ್ಟರಿನಲ್ಲಿ ಮಾತ್ರ ಹಕ್ಕಿ.

ಒಂದು ಮುಂಜಾನೆ ಅಕ್ಕ ಹೋಗಿ ನೋಡುವಷ್ಟರಲ್ಲಿ ರಾತ್ರಿ ಗಾಳಿಗೆ ಉಬ್ಬಿದ ನೀರು ಗೂಡಿನ ತನಕ ಬಂದು ಹಿಂದೆ ಸರಿದಿತ್ತು. ಗುಳಿಯ ಸುತ್ತ ಮರಳು ಒದ್ದೆ. ಹಕ್ಕಿ ದೂರದಲ್ಲಿ ಒಂಟಿ ಕಾಲಿನಲ್ಲಿ ನಿಂತಿತ್ತು. ಅಕ್ಕ ಹಗ್ಗದ ಹೊರಗೆ ಕುಕ್ಕರುಗಾಲಲ್ಲಿ ಕೂತು ಕಾದಳು. ಕೊನೆಗೆ ಅದು ಓಡಿ ಬಂದು, ಮೊಟ್ಟೆಗಳನ್ನು ಕೊಕ್ಕಿನಿಂದ ಸರಿಮಾಡಿ, ರೆಕ್ಕೆ ಸಡಿಲಿಸಿ ಅವುಗಳ ಮೇಲೆ ಕೂತಿತು.

ಆಮೇಲೆ ಅವಳು ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಮಾಡಿದಳು. ಹಕ್ಕಿ ಮೇಯಲು ಹೋದಾಗ ಗುಳಿಯ ಕೆಳಗೆ ಒಣಮರಳು ತುಂಬಿ ಬೆರಳಷ್ಟು ಎತ್ತರಿಸುವುದು, ಮರುದಿನ ಇನ್ನೊಂದು ಬೆರಳು. ಒಂದೇ ಸಲಕ್ಕೆ ಜಾಸ್ತಿ ಎತ್ತರಿಸಿದರೆ ಹಕ್ಕಿ ಇದು ತನ್ನ ಮನೆಯಲ್ಲ ಎಂದುಕೊಂಡು ಬಿಟ್ಟುಹೋಗುತ್ತದೆ. ಆದರೆ ಅವಳು ಬೆರಳಷ್ಟು ಎತ್ತರಿಸಿದರೆ ನೀರು ಗೇಣು ಏರುತ್ತಿತ್ತು.

ಒಂದು ಕೆಲಸ ಮಾತ್ರ ಅವಳು ಮಾಡಲಿಲ್ಲ. ಮೊಟ್ಟೆಗಳನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟು ನೋಡುವ ಪರೀಕ್ಷೆಯೊಂದಿದೆ. ಒಳಗೆ ಮರಿ ಬೆಳೆಯುತ್ತಿದ್ದರೆ ಮೊಟ್ಟೆ ತೇಲುವ ರೀತಿಯೇ ಬೇರೆ, ದಿನ ತುಂಬುತ್ತಾ ಬಂದರೆ ನೀರಿನಲ್ಲಿ ತಾನಾಗಿಯೇ ಅಲುಗುತ್ತದೆ. ಹಿಂದಿನ ವರ್ಷ ಹೀಗೆ ಪರೀಕ್ಷೆ ಮಾಡಿದ ಮೇಲೆ ಒಂದು ಹಕ್ಕಿ ಬೆದರಿ ಗೂಡನ್ನೇ ತೊರೆದಿತ್ತು. ಆ ಸಂಕಟ ಅವಳಿಗಿನ್ನೂ ಆರಿರಲಿಲ್ಲ. ಹಕ್ಕಿ ಕೂತಿದೆಯಲ್ಲ, ತಾಯಿಗೆ ಗೊತ್ತಿರುವುದಿಲ್ಲವೇ ಎಂದುಕೊಂಡು ಮೊಟ್ಟೆಗಳನ್ನು ನೀರಿಗೆ ಬಿಡುವ ಗೋಜಿಗೇ ಹೋಗಲಿಲ್ಲ.

ಗೇಟಿನ ಬೀಗದ ಕೈ ಇದ್ದದ್ದು ಸಾಹೇಬರ ಹತ್ತಿರ. ಸಾಹೇಬರು ಕೆಟ್ಟವರಲ್ಲ. ಆದರೆ ಯಾವ ನಿರ್ಧಾರವೂ ತಮ್ಮ ಮೇಜಿನ ಮೇಲೆ ಕೂರುವುದು ಅವರಿಗೆ ಇಷ್ಟವಿರಲಿಲ್ಲ. ಅಕ್ಕ ತಮ್ಮ ಇಬ್ಬರನ್ನೂ ಕರೆಸಿ, "ನೋಡ್ರಿ, ಪುಸ್ತಕದ ಪ್ರಕಾರ ನಿಮ್ಮ ಹಕ್ಕಿ ಅಪಾಯದಲ್ಲಿದೆ, ಇವನ ಕಪ್ಪೆ ಅಳಿವಿನ ಅಂಚಿನಲ್ಲಿದೆ. ಕಪ್ಪೆದು ಒಂದು ಮೆಟ್ಟಿಲು ಜಾಸ್ತಿ. ಆದ್ರೆ ಮೆಟ್ಟಿಲು ಎಣಿಸಿ ಗೇಟ್ ತೆಗೆಯೋಕಾಗುತ್ತಾ? ನಾಳೆ ದಂಡೆ ಬೀದಿಯವರನ್ನೆಲ್ಲ ಕರೀತೀನಿ. ನೀವಿಬ್ರೂ ನಿಮ್ಮ ನಿಮ್ಮ ಪ್ರಾಣಿ ಪರವಾಗಿ ಮಾತಾಡಿ. ಜನ ಕೈಯೆತ್ತಿದ ಹಾಗೆ ಮಾಡೋಣ" ಎಂದು ಕೈ ತೊಳೆದುಕೊಂಡರು.

ಆ ಸಂಜೆ ಊಟದ ಮೇಜಿನಲ್ಲಿ ಯಾರೂ ಯಾರ ಕಾಲನ್ನೂ ಎಳೆಯಲಿಲ್ಲ. ಊಟವಾದ ಮೇಲೆ ತಮ್ಮ ಮಾರನೆಯ ದಿನಕ್ಕೆಂದು ತನ್ನ ಅಂಗಿಗೆ ಇಸ್ತ್ರಿ ಹಾಕಿದ. ಆಮೇಲೆ ಅಕ್ಕನ ಅಂಗಿಯನ್ನೂ ತೆಗೆದುಕೊಂಡು, ಅವಳೇ ಕಲಿಸಿಕೊಟ್ಟಂತೆ, ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು ಎಂದು ನಿಧಾನವಾಗಿ ತೀಡಿದ.

"ಅಕ್ಕ, ನಾಳೆ ಏನು ಹೇಳ್ಬೇಕು?" ಎಂದು ಕೇಳಿದ.

ಯಾವಾಗಲೂ ಆಗಿದ್ದರೆ ಅವಳು ಮಾತು ಮಾತಾಗಿ ಬಿಡಿಸಿ ಹೇಳಿಕೊಡುತ್ತಿದ್ದಳು. ಅವತ್ತು "ನಿಂಗೆ ಗೊತ್ತಿರೋದು ಹೇಳು" ಎಂದಳು. ಹೇಳಿ, ಪಾತ್ರೆ ತೊಳೆಯಲು ಎದ್ದು ಹೋದಳು. ಪಾತ್ರೆಗಳನ್ನು ಆಗಲೇ ತೊಳೆದಾಗಿತ್ತು.

ಇಲಾಖೆಯ ಮಹಡಿ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ದೋಣಿಯವರು, ಅಂಗಡಿಯವರು, ಪಾಠಶಾಲೆಯ ಮೇಷ್ಟ್ರು, ಒದ್ದೆ ಕೊಡೆಗಳನ್ನು ಕಾಲ ಬಳಿ ಇಟ್ಟುಕೊಂಡ ಹೆಂಗಸರು, ಎಲ್ಲ ಬಂದಿದ್ದರು. ಕೋಣೆಯ ತುಂಬ ಒದ್ದೆ ಬಟ್ಟೆಯ ವಾಸನೆ. ಅಕ್ಕನ ಗಂಡ ಬಸ್ಸನ್ನು ಕೆಳಗೆ ನಿಲ್ಲಿಸಿ ಬಂದು ಹಿಂದಿನ ಗೋಡೆಗೆ ಒರಗಿ ನಿಂತಿದ್ದ.

ಅಕ್ಕ ಮೊದಲು ಎದ್ದಳು. ಹಕ್ಕಿ ಎಲ್ಲಿಂದ ಹಾರಿ ಬರುತ್ತದೆ, ಎಷ್ಟು ಕಡಿಮೆಯಾಗಿವೆ ಎಂದೆಲ್ಲ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳು. ಅದನ್ನೆಲ್ಲ ಹೇಳಿದಳು. ಜನ ತಲೆಯಾಡಿಸುತ್ತಾ ಕೇಳಿದರು, ಒಬ್ಬಿಬ್ಬರು ಆಕಳಿಸಿದರು. ಆಗ ಅವಳಿಗೆ ಅದೇನಾಯಿತೋ.

"ನೀವ್ಯಾರಾದ್ರೂ ಆ ಹಕ್ಕೀನ ಕೂತು ನೋಡಿದ್ದೀರಾ?" ಎಂದಳು. "ನಾಯಿ ಬಂದ್ರೆ ಅದು ಹಾರಿ ಹೋಗಲ್ಲ. ರೆಕ್ಕೆ ಮುರಿದೋರ ಹಾಗೆ ನೆಲಕ್ಕೆ ಬಿದ್ದು ಹೊರಳಾಡುತ್ತೆ. ನನ್ನ ಹಿಡ್ಕೋ, ನನ್ನ ಮಕ್ಕಳ ತಂಟೆಗೆ ಹೋಗ್ಬೇಡ ಅಂತ ನಾಯೀನ ದೂರ ಎಳ್ಕೊಂಡು ಹೋಗುತ್ತೆ. ಮುಷ್ಟಿಯಷ್ಟಿದೆ ಅಷ್ಟೇ. ಬಿಸಿಲಾಗ್ಲಿ, ಮಳೆಯಾಗ್ಲಿ, ನೀರು ಕಾಲ ಬುಡಕ್ಕೆ ಬರ್ಲಿ, ಎದ್ದು ಹೋಗಲ್ಲ. ಕಪ್ಪೆ ಏನು ಮಾಡುತ್ತೆ? ಸಾವಿರ ಇಡುತ್ತೆ, ತಿರುಗಿ ಕೂಡ ನೋಡದೆ ಹೋಗುತ್ತೆ. ಬದುಕಿದ್ರೆ ಬದುಕ್ಲಿ, ಸತ್ರೆ ಸಾಯ್ಲಿ ಅಂತ. ಹೆತ್ತು ಬಿಟ್ಟುಹೋಗೋದೇನು ದೊಡ್ಡ ಕೆಲಸಾನಾ? ಯಾರು ಬೇಕಾದ್ರೂ ಮಾಡ್ತಾರೆ. ಕೂತು ಕಾಯೋದಿದೆಯಲ್ಲ, ತನ್ನ ಹಸಿವು ನಿದ್ದೆ ಎಲ್ಲ ಬಿಟ್ಟು ಕಾಯೋದು, ಅದು ಕಷ್ಟ. ಬಿಟ್ಟುಹೋದೋರ ಪಾಲಿಗೆ ನ್ಯಾಯ ಕೊಟ್ಟು ಕಾಯ್ಕೊಂಡು ಕೂತೋರನ್ನ ಮುಳುಗಿಸ್ತೀರಾ?"

ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕನಿಗೆ ತಾನು ಆಡಿದ ಮಾತು ತನಗೇ ಹೊಸದಾಗಿ ಕೇಳಿಸಿತು. ಎಲ್ಲೋ ಹೊಟ್ಟೆಯ ತಳದಲ್ಲಿ ವರ್ಷಗಳಿಂದ ಬಿದ್ದಿದ್ದ ಸಿಟ್ಟು ಪಾಪದ ಕಪ್ಪೆಯ ತಲೆಯ ಮೇಲೆ ಬಿದ್ದಿತ್ತು. ಅವಳು ದೊಪ್ಪನೆ ಕುರ್ಚಿಯಲ್ಲಿ ಕೂತಳು.

"ಕಪ್ಪೆ ಪರವಾಗಿ?" ಎಂದರು ಸಾಹೇಬರು.

ತಮ್ಮ ಎದ್ದು ನಿಂತ. ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿದುಕೊಂಡು, ಅಂಗಡಿಯವನ ಮುಂದೆ, ಡಾಕ್ಟರ ಮುಂದೆ, ಎಲ್ಲರ ಮುಂದೆ ಮಾಡುತ್ತಿದ್ದ ಹಾಗೆಯೇ ಅಕ್ಕನ ಕಡೆ ನೋಡಿದ. ಅಕ್ಕ ತನ್ನ ಕೈ ಉಗುರುಗಳನ್ನು ನೋಡುತ್ತಿದ್ದಳು. ಅವನು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಆದರೂ ತಲೆಯೆತ್ತಲಿಲ್ಲ.

"ನೀರು" ಎಂದ ತಮ್ಮ. "ಇನ್ನು ಸ್ವಲ್ಪ ದಿನ ನೀರಿದ್ರೆ... ಕಾಲು ಬರುತ್ತೆ."

ಯಾರೋ ಕಿಸಕ್ಕೆಂದರು. ಕೆಟ್ಟ ಮನಸ್ಸಿನಿಂದಲ್ಲ, ಹಾಗೇ.

"ಇನ್ನೇನಾದ್ರೂ ಹೇಳೋದಿದೆಯಾ?" ಎಂದು ಸಾಹೇಬರು ಮೆತ್ತಗೆ ಕೇಳಿದರು.

ತಮ್ಮ ಬಾಯಿ ತೆರೆದ. ಒಂದು ಕ್ಷಣ ಏನನ್ನೋ ಹೇಳಿಯೇಬಿಡುವ ಹಾಗೆ ಕಂಡ. ಆಮೇಲೆ ಅಕ್ಕನನ್ನು ಇನ್ನೊಮ್ಮೆ ನೋಡಿ, ತಲೆಯಲ್ಲಾಡಿಸಿ ಕೂತುಬಿಟ್ಟ.

ಕೈಗಳು ಎದ್ದವು. ಎಣಿಸುವ ಅಗತ್ಯವೇ ಬೀಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗೇಟು ತೆಗೆದರು. ಹಿನ್ನೀರು ಭೋರೆಂದು ಕಡಲಿಗೆ ನುಗ್ಗಿತು. ದಿಬ್ಬದ ಅಂಚಿನಿಂದ ನೀರು ಸರಿಯುತ್ತಾ ಹೋಯಿತು, ಹಕ್ಕಿ ಕೂತಲ್ಲಿಂದ ಕದಲಲಿಲ್ಲ. ಅಕ್ಕ ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. ಗೆದ್ದ ಖುಷಿ ಎಲ್ಲಾದರೂ ಇದೆಯೇ ಎಂದು ತನ್ನೊಳಗೆ ಹುಡುಕಿದಳು, ಸಿಗಲಿಲ್ಲ. ಹಗ್ಗದ ಕಂಬಗಳನ್ನು ಬಿಟ್ಟು ಹೊಂಡಗಳ ಕಡೆಗೆ ಓಡಿದಳು.

ತಮ್ಮ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ. ಮನೆಯಿಂದ ತಂದ ಬಕೆಟ್ಟು, ಬೋಗುಣಿ, ಬಟ್ಟೆ ತೊಳೆಯುವ ಟಬ್ಬು ಎಲ್ಲ ದಂಡೆಯ ಮೇಲಿದ್ದವು. ನೀರು ಸಣ್ಣ ಸಣ್ಣ ತೊರೆಗಳಾಗಿ ಹೊಂಡದಿಂದ ಹರಿದು ಹೋಗುತ್ತಿತ್ತು. ಮೊಟ್ಟೆಯೊಡೆದು ಆಗತಾನೆ ಹೊರಬಂದಿದ್ದ ಗೊದಮೊಟ್ಟೆಗಳು ನೀರಿನ ಸೆಳೆತದಲ್ಲಿ ಕಪ್ಪು ಹೊಗೆಯ ಹಾಗೆ ಕೊಚ್ಚಿ ಹೋಗುತ್ತಿದ್ದವು. ಇನ್ನೂ ಒಡೆಯದ ಸರಗಳು ಹುಲ್ಲಿಗೆ ಜೋತುಬಿದ್ದು ಕೆಸರ ಮೇಲೆ ಮಲಗಿದ್ದವು.

ಅಕ್ಕ ಚಪ್ಪಲಿ ಕಳಚಿ ಇಳಿದು ಒಂದು ಸರಕ್ಕೆ ಕೈ ಹಾಕಿದಳು.

"ಕೈ ತೊಳ್ಕೋ ಅಕ್ಕ" ಎಂದ ತಮ್ಮ. "ಬಿಸಿಲಿಗೆ ಹಚ್ಕೊಳ್ಳೋ ಕ್ರೀಮು ಇರುತ್ತೆ. ಅದು ಇವಕ್ಕೆ ಆಗಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಹೊಂಡದ ನೀರಿನಲ್ಲೇ, ಮರಳು ಹಾಕಿ, ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಆಮೇಲೆ ಇಬ್ಬರೂ ಕೆಲಸಕ್ಕೆ ಬಿದ್ದರು. ಸರಗಳು ದಂಟಿಗೆ ಎಷ್ಟು ಬಿಗಿಯಾಗಿ ಸುತ್ತಿಕೊಂಡಿದ್ದವೆಂದರೆ, ಬಿಡಿಸಲು ಹೋದರೆ ಹರಿಯುತ್ತಿದ್ದವು. ಹರಿದದ್ದು ಉಳಿಯುವುದಿಲ್ಲವೆಂದು ತಮ್ಮನಿಗೆ ಗೊತ್ತಿತ್ತು, ಆದರೂ ಟಬ್ಬಿಗೆ ಹಾಕಿಕೊಳ್ಳುತ್ತಿದ್ದ. ಸಂಜೆ ಭಾವ ಬಸ್ಸನ್ನು ದಾರಿಬಿಟ್ಟು ಹೊಂಡದ ತನಕ ತಂದು ನಿಲ್ಲಿಸಿದ. ಟಬ್ಬು ಬಕೆಟ್ಟುಗಳನ್ನು ಸೀಟುಗಳ ಮೇಲೆ ಇಟ್ಟುಕೊಂಡು, ನೀರು ತುಳುಕದಂತೆ ಹಿಡಿದುಕೊಂಡು ಮನೆಗೆ ಬಂದರು.

ಮನೆಯ ಬಾಲ್ಕನಿಯಲ್ಲಿ ಅವು ಸ್ವಲ್ಪ ದಿನ ಇದ್ದವು. ಹರಿದ ಸರಗಳ ಮೇಲೆ ಮೊದಲು ಬಿಳಿ ಬೂಸ್ಟು ಬಂತು. ಆಮೇಲೆ ಗೊದಮೊಟ್ಟೆಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲತೊಡಗಿದವು. ತಮ್ಮ ನೀರು ಬದಲಿಸಿದ, ನೆರಳು ಮಾಡಿದ, ಗಾಳಿಯ ಪಂಪು ತಂದ. ಒಂದು ಬೆಳಗ್ಗೆ ಅಕ್ಕ ಎದ್ದು ನೋಡಿದರೆ ಟಬ್ಬುಗಳನ್ನು ತೊಳೆದು ಬೋರಲು ಹಾಕಿಟ್ಟಿದ್ದ. ದೊಡ್ಡ ಕಪ್ಪೆಗಳು ಹೊಂಡ ಬತ್ತಿದ ಮೇಲೆ ರಸ್ತೆ ದಾಟಿ ಎತ್ತಲೋ ಹೋಗಿದ್ದವು. ಒಂದೆರಡು ರಸ್ತೆಯಲ್ಲೇ ಸಿಕ್ಕಿದವು, ಚಪ್ಪಟೆಯಾಗಿ. ಮಿಕ್ಕವನ್ನು ಅವನು ವಾರಗಟ್ಟಲೆ ಹುಡುಕಿದ.

ಆಗಿನಿಂದ ಭಾವ ಕೊನೆಯ ನಿಲ್ದಾಣದಲ್ಲಿ ಜೋಕು ಹೊಡೆಯುವುದನ್ನು ಬಿಟ್ಟ. "ಇಳೀರಿ" ಎನ್ನುತ್ತಿದ್ದ, ಅಷ್ಟೇ. ಅಕ್ಕನಿಗೆ ಆ ಹಳಸಲು ಜೋಕು ಕೇಳಬೇಕೆಂದು ಮನಸ್ಸು ಹಂಬಲಿಸುತ್ತಿತ್ತು.

ಈಗ ಅವಳಿಗೆ ಉಳಿದದ್ದು ಒಂದೇ. ಮರಿಗಳು ಹೊರಬರಬೇಕು. ಬಂದುಬಿಟ್ಟರೆ, ಕಡ್ಡಿಕಾಲಿನ ಮೇಲೆ ಹತ್ತಿಯುಂಡೆಗಳು ಓಡಾಡುವುದನ್ನು ತಮ್ಮನಿಗೆ ತೋರಿಸಿಬಿಟ್ಟರೆ, ಆದದ್ದಕ್ಕೆಲ್ಲ ಒಂದು ಅರ್ಥ ಬಂದೀತು ಎಂದು ಅವಳು ದೇವರಲ್ಲಿ ಮೊರೆಯಿಟ್ಟಳು. ದಿನಗಳು ತುಂಬಿದವು. ತುಂಬಿ, ಮೀರಿದವು. ಹಕ್ಕಿ ಕೂತೇ ಇತ್ತು. ಅದರ ಗರಿಗಳ ಹೊಳಪು ಹೋಗಿತ್ತು. ಮೇಯಲು ಹೋದರೂ ಅರೆಹೊಟ್ಟೆಯಲ್ಲಿ ಓಡೋಡಿ ಬಂದು ಮತ್ತೆ ಕೂರುತ್ತಿತ್ತು. ಸಾಹೇಬರು ಫೋನು ಮಾಡಿ "ಏನಮ್ಮಾ, ಮರಿ ಆಯ್ತಾ?" ಎಂದಾಗಲೆಲ್ಲ ಅಕ್ಕ "ಇವತ್ತು ನಾಳೆ ಸಾರ್" ಎಂದು ಜಾರಿಕೊಳ್ಳುತ್ತಿದ್ದಳು.

ಒಂದು ಬೆಳಗ್ಗೆ ಬಸ್ಸಿಳಿದ ಮೇಲೆ ತಮ್ಮ ಬಲಕ್ಕೆ ಹೋಗಲಿಲ್ಲ. ಅಲ್ಲಿ ಅವನಿಗೆ ಕೆಲಸವೂ ಇರಲಿಲ್ಲ. ಅಕ್ಕನ ಹಿಂದೆಯೇ ಮರಳಿನ ಮೇಲೆ ಬಂದ. ಅವನ ಕೈಯಲ್ಲಿ ಒಂದು ಥರ್ಮಾಸು, ಗಾಜಿನ ಲೋಟ.

"ನೀನು ಮಾಡಲ್ಲ" ಎಂದ. "ನಾನು ನೋಡ್ತೀನಿ."

ಅಕ್ಕ ಬೇಡವೆನ್ನಲಿಲ್ಲ. ಹಕ್ಕಿ ಎದ್ದು, ಒಂದಿಷ್ಟು ದೂರ ಓಡಿ, ರೆಕ್ಕೆ ಇಳಿಬಿಟ್ಟು ಮರಳಿನಲ್ಲಿ ಹೊರಳಾಡಿ ತನ್ನ ಆಟ ಶುರುಮಾಡಿತು. ತಮ್ಮ ಲೋಟಕ್ಕೆ ಬೆಚ್ಚನೆಯ ನೀರು ಸುರಿದು, ಬೆರಳಿಟ್ಟು ನೋಡಿ, ಒಂದು ಮೊಟ್ಟೆಯನ್ನು ನಿಧಾನವಾಗಿ ಬಿಟ್ಟ. ಅದು ಬೆಂಡಿನ ಹಾಗೆ ಮೇಲೆದ್ದು ತೇಲಿತು. ಇಬ್ಬರೂ ಬಗ್ಗಿ ನೋಡಿದರು. ನೀರು ಸ್ತಬ್ಧವಾಯಿತು, ಮೊಟ್ಟೆಯೂ ಸ್ತಬ್ಧವಾಗಿತ್ತು. ಎರಡನೆಯದು, ಮೂರನೆಯದು. ಮೂರನೆಯದನ್ನು ಅವನು ತುಂಬಾ ಹೊತ್ತು ನೋಡಿದ, ನೀರು ತಣ್ಣಗಾಯಿತೆಂದು ಮತ್ತೆ ಬೆಚ್ಚನೆಯ ನೀರು ಹಾಕಿ ನೋಡಿದ.

"ಇಲ್ಲ ಅಕ್ಕ" ಎಂದ.

ಅಕ್ಕನಿಗೆ ಆ ಒದ್ದೆ ಮರಳಿನ ಮುಂಜಾನೆ ಕಣ್ಣಿಗೆ ಕಟ್ಟಿತು. ನೀರು ಬಂದು ಹೋದ ರಾತ್ರಿಯೇ ಮೊಟ್ಟೆಗಳು ತಣ್ಣಗಾಗಿದ್ದವು. ಆಮೇಲೆ ಅವಳು ಬೆರಳು ಬೆರಳು ಎತ್ತರಿಸಿ ಕಾಪಾಡಿದ್ದು ಸತ್ತ ಮೊಟ್ಟೆಗಳನ್ನು. ಮಹಡಿ ಕೋಣೆಯಲ್ಲಿ ನಿಂತು ಬೇಡಿದ್ದು ಸತ್ತ ಮೊಟ್ಟೆಗಳಿಗಾಗಿ. ಒಂದು ಲೋಟ ನೀರು, ಅಷ್ಟೇ ಬೇಕಾಗಿತ್ತು. ಹಕ್ಕಿ ಬೆದರಿ ಹೋಗಿದ್ದರೂ ಹೋಗಲಿ, ಅಲ್ಲಿಗೆ ಎಲ್ಲ ಗೊತ್ತಾಗುತ್ತಿತ್ತು. ಗೇಟು ಮುಚ್ಚಿಯೇ ಇರುತ್ತಿತ್ತು. ಇಷ್ಟು ಹೊತ್ತಿಗೆ ಆ ಹೊಂಡದ ಮರಿಗಳಿಗೆ ಕಾಲು ಬಂದಿರುತ್ತಿತ್ತು.

"ಮೀಟಿಂಗಿಗೆ ಮುಂಚೇನೇ ಇವು ಸತ್ತಿದ್ವು" ಎಂದಳು. "ನಾನು ನೋಡ್ಲಿಲ್ಲ. ನೋಡ್ಬೇಕಿತ್ತು, ನೋಡ್ಲಿಲ್ಲ. ಬೈಯೋ ನನ್ನ. ನಿನ್ನ ದಮ್ಮಯ್ಯ, ಒಂದೇ ಒಂದು ಸಲ ಬಾಯ್ತುಂಬ ಬೈದುಬಿಡು."

ತಮ್ಮ ಲೋಟದ ನೀರನ್ನು ಮರಳಿಗೆ ಚೆಲ್ಲಿದ.

"ನೀನು ಅವತ್ತು ಚೆನ್ನಾಗಿ ಮಾತಾಡಿದೆ" ಎಂದ. "ಕೇಳ್ತಾ ಕೇಳ್ತಾ ನಂಗೇ ಅನ್ನಿಸ್ತು, ಗೇಟು ತೆಗೀಲಿ ಅಂತ. ಒಂದು ಮಾತು ಬಿ... ಬಿಟ್ಟು."

"ಯಾವ ಮಾತೋ?"

ಅವನು ಮಾತು ಹುಡುಕಿದ. ಅಕ್ಕನ ನಾಲಿಗೆಯ ತುದಿಗೆ ಅವನ ಬದಲು ಹೇಳಲು ಹತ್ತು ಮಾತು ಬಂದವು. ಹಲ್ಲು ಕಚ್ಚಿ ಅವಳು ಸುಮ್ಮನಿದ್ದಳು.

"ಕಪ್ಪೆ ಬಿಟ್ಟುಹೋಗಲ್ಲ ಅಕ್ಕ. ಅದು ಎಲ್ಲ ಕಡೆ ಸುತ್ತುತ್ತೆ, ತೆವಳ್ಕೊಂಡು. ಮೀನಿರಬಾರದು, ಆಳ ಇರಬಾರದು, ಬಿಸಿಲು ಬೀಳ್ಬೇಕು. ಅಂಥ ನೀರು ಸಿಗೋ ತನಕ ಹೊಟ್ಟೇಲೇ ಇಟ್ಕೊಂಡು ತಿರುಗುತ್ತೆ. ಸಿಕ್ಕಿದ ಮೇಲೆ ಅಲ್ಲಿಟ್ಟು ಹೋಗುತ್ತೆ. ಜೊತೇಲಿದ್ರೂ ಅದಕ್ಕೆ ಏನೂ ಮಾಡೋಕೆ ಬರಲ್ಲ. ಒಳ್ಳೇ ನೀರು ನೋಡಿ ಇಡೋದು, ಅಷ್ಟೇ ಅದಕ್ಕೆ ಬರೋದು." ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ಅಕ್ಕ ಎಂದೂ ಕೇಳಿರಲಿಲ್ಲ. ಅವನು ಮರಳನ್ನು ನೋಡುತ್ತಾ ಹೇಳಿದ, "ಅಮ್ಮನೂ ನನ್ನನ್ನ ನಿನ್ನ ಹತ್ರ ಇಟ್ಟುಹೋದ್ಲು. ನಂಗೇನು ಕಮ್ಮಿ ಆಯ್ತು?"

ಅಕ್ಕ ಅವನ ತೋಳು ಹಿಡಿದುಕೊಂಡಳು.

"ಇದನ್ನ ಅಲ್ಲೇ ಹೇಳ್ಬಾರದಿತ್ತೇನೋ?" ಎಂದಳು. "ಎಲ್ರ ಮುಂದೆ ಹೇಳಿದ್ರೆ ಒಂದು ಕೈನೂ ಏಳ್ತಿರ್ಲಿಲ್ಲ ನನ್ನ ಪರವಾಗಿ. ಯಾಕೋ ಹೇಳ್ಲಿಲ್ಲ?"

"ಹೇಳೋಣ ಅಂತ ಎದ್ದೆ" ಎಂದ ತಮ್ಮ. "ಆದ್ರೆ ನೀನು ಹೇಳಿದ್ದು ಕಪ್ಪೆ ವಿಷಯ ಅಲ್ಲ ಅಂತ ಅಲ್ಲಿ ಯಾರಿಗೂ ಗೊತ್ತಾಗಿರ್ಲಿಲ್ಲ. ನಾನು ಬಾಯಿ ಬಿಟ್ಟಿದ್ರೆ ಗೊತ್ತಾಗಿಬಿಡ್ತಿತ್ತು. ನಿಂಗೆ ಅವಮಾನ ಆಗ್ತಿತ್ತು."

ಊರವರ ಮುಂದೆ, ಡಾಕ್ಟರ ಮುಂದೆ, ಸಾಹೇಬರ ಮುಂದೆ ಅವನಿಗಾಗಿ ಬಾಯಿ ನೋಯುವಷ್ಟು ಮಾತಾಡಿದ್ದ ಅಕ್ಕ ಈಗ ಒಂದಕ್ಷರವನ್ನೂ ಆಡಲಾರದೆ ಹೋದಳು. ಅಲ್ಲೇ ಮರಳಿನ ಮೇಲೆ ಕುಸಿದು ಕೂತು, ಸಣ್ಣ ಹುಡುಗಿಯ ಹಾಗೆ ಜೋರಾಗಿ ಅತ್ತಳು. ತಮ್ಮನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಕೂತು, ಅವಳ ಬೆನ್ನಿಗಂಟಿದ್ದ ಮರಳನ್ನು ಒರೆಸಿದ. ಅವಳ ಅಳು ತಗ್ಗಿದ ಮೇಲೆ ಎದ್ದು ಹೋಗಿ ಮೂರೂ ಮೊಟ್ಟೆಗಳನ್ನು ಕೈಗೆತ್ತಿಕೊಂಡ.

"ತೆಗೆದುಬಿಡ್ಲಾ? ತೆಗೆದ್ರೆ ಅದಕ್ಕೂ ಬಿಡುಗಡೆ" ಎಂದು ಕೇಳಿದ.

ದೂರದಲ್ಲಿ ಹಕ್ಕಿ ಹೊರಳಾಡುವುದನ್ನು ನಿಲ್ಲಿಸಿ, ಇವರು ಯಾವಾಗ ಹೋಗುತ್ತಾರೋ ಎಂದು ತಲೆಯೆತ್ತಿ ಕಾಯುತ್ತಿತ್ತು. ಅಕ್ಕ ಅದನ್ನು ನೋಡಿದಳು, ತಮ್ಮನ ಕೈಯನ್ನು ನೋಡಿದಳು.

"ನೀನೇ ಹೇಳೋ" ಎಂದಳು. "ನೀನು ಹೇಳಿದ ಹಾಗೆ."